ವರ್ಷತೊಡಕಿನ ವೈನು

ಹೊನ್ನೇಶನ ಮನೆಯಲ್ಲಿ ಅಡುಗೆಯ ಬಗ್ಗೆ ಅವನ ಅಭಿಪ್ರಾಯ ಕೇಳುವ ಪದ್ಧತಿ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಅವನ ಹೆಂಡತಿ ಬೃಂದಾ ಅಡುಗೆಮನೆಯ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಏನ್ ಸಾರು ಮಾಡ್ಲಿ?" ಎಂದು ಕೇಳುತ್ತಿದ್ದಳು. ಆ ಹೊತ್ತಿಗೆ ಅವಳ ಬೆನ್ನ ಹಿಂದೆ ಕುಕ್ಕರಿನಲ್ಲಿ ಹುರುಳಿಕಾಳು ಎರಡು ಸಲ ಕೂಗಿರುತ್ತಿತ್ತು. ಅವನು "ಸೊಪ್ಪಿನ ಸಾರು" ಎಂದರೆ "ಹುರುಳಿಕಾಳು ಇಟ್ಬಿಟ್ಟಿದೀನಲ್ಲ" ಎನ್ನುತ್ತಿದ್ದಳು. "ಹುರುಳಿಕಾಳು" ಎಂದರೆ "ಅದನ್ನೇ ಇಟ್ಟಿರೋದು" ಎನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನು ಇದನ್ನು ಸಮಾಲೋಚನೆ ಎಂದು ನಂಬಿದ್ದ. ತಲೆ ನರೆತ ಮೇಲೆ ಇದು ಸುಪ್ರಭಾತದ ಜಾತಿಗೆ ಸೇರಿದ್ದು ಎಂದು ಅರ್ಥವಾಗಿತ್ತು. ದೇವರು ಏಳಲಿ ಬಿಡಲಿ, ಹಾಡುವುದನ್ನು ಹಾಡಬೇಕು.

ಹಾಗಂತ ಹೊನ್ನೇಶ ಮಾತಿಗೆ ಬೆಲೆಯಿಲ್ಲದ ಮನುಷ್ಯನಲ್ಲ. ಅಜ್ಜಂಪುರದಿಂದ ತರೀಕೆರೆ ರಸ್ತೆ ಹಿಡಿದರೆ ಸಿಗುವ ಅವರ ಊರಿನಲ್ಲಿ ಅವನಿಗೆ ತೆಂಗಿನ ತೋಟವಿತ್ತು, ಈರುಳ್ಳಿ ಬೆಳೆಯುವ ಹೊಲವಿತ್ತು. ಯಾವ ಮರದ ಕಾಯಿ ಎಳನೀರಿಗೆ, ಯಾವುದು ಕೊಬ್ಬರಿಗೆ ಎಂದು ಕೆಳಗೆ ನಿಂತು ಬೆರಳು ತೋರಿಸಿದರೆ ಸಾಕು, ಮರದ ಮೇಲಿದ್ದವನು ಮರುಮಾತಿಲ್ಲದೆ ಕೀಳುತ್ತಿದ್ದ. ಆದರೆ ಆಕಾಶದ ಅಂಚಿನಲ್ಲಿ ತೂಗುವ ಕಾಯಿಯ ಮೇಲೆ ನಡೆಯುತ್ತಿದ್ದ ಈ ಅಧಿಕಾರ, ಅದೇ ಕಾಯಿ ತುರಿಯಾಗಿ ತಟ್ಟೆಗೆ ಬರುವಷ್ಟರಲ್ಲಿ ಪೂರ್ತಿ ಸವೆದುಹೋಗಿರುತ್ತಿತ್ತು.

ಇಂಥವನಿಗೆ ಜ್ಞಾನೋದಯವಾದದ್ದು ವಿಜಯಪುರದ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ.

ಚಳಿ ಮುಗಿಯುವ ಹೊತ್ತಿಗೆ ತೋಟಗಾರಿಕೆಯವರು ಕಡೂರು, ತರೀಕೆರೆ, ಅಜ್ಜಂಪುರದ ರೈತರನ್ನು ಒಂದು ಬಸ್ಸಿಗೆ ತುಂಬಿ ಅಲ್ಲಿಗೆ ಅಧ್ಯಯನ ಪ್ರವಾಸ ಕರೆದೊಯ್ದಿದ್ದರು. ಅಧ್ಯಯನದ ವಿಷಯ ಹನಿ ನೀರಾವರಿ. ರೈತರು ಪೈಪುಗಳನ್ನು ಒಂದು ಸುತ್ತು ನೋಡಿ, ತಲೆಯಾಡಿಸಿ, ಒಣದ್ರಾಕ್ಷಿಯ ಚೌಕಾಸಿಗೆ ಇಳಿದರು. ಹೊನ್ನೇಶ ಮಾತ್ರ ನೆರಳು ಹುಡುಕುತ್ತಾ ಹೋಗಿ, ಪಕ್ಕದಲ್ಲೇ ಇದ್ದ ವೈನು ಮಾಡುವವರ ತಂಪು ಕೋಣೆಯನ್ನು ಸೇರಿಕೊಂಡ. ಅಲ್ಲಿ ಬಿಳಿ ಕೋಟು ತೊಟ್ಟ ಹುಡುಗಿಯೊಬ್ಬಳು ಗಾಜಿನ ಲೋಟದ ತಳಕ್ಕೆ ಎರಡು ಗುಟುಕು ಕೆಂಪು ವೈನು ಬಿಟ್ಟುಕೊಟ್ಟಳು.

ಹೊನ್ನೇಶ ಕುಡಿದ. ನೇರಳೆಹಣ್ಣು ತಿಂದಂತೆ ನಾಲಿಗೆ ಒಣಗಿತು, ಒಸಡು ಬಿಗಿಯಿತು. ಇದೇನು ಶಿಕ್ಷೆ ಎಂದುಕೊಳ್ಳುವಷ್ಟರಲ್ಲಿ ಗಂಟಲಿನ ಹಿಂದೆ ಎಲ್ಲೋ, ಮೊದಲ ಮಳೆ ಬಿದ್ದ ಎರೆಹೊಲದ ವಾಸನೆ ಎದ್ದಿತು. ಅವನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಅದರಲ್ಲಿ ಸಂಜೆ ಇತ್ತು.

"ಇದು ನಮ್ಮ ನೆಲದ ಗಟ್ಟಿ ವೈನು ಅದರಿ," ಎಂದಳು ಹುಡುಗಿ. "ಎಲ್ಲಾ ಊಟಕ್ಕೂ ಹೊಂದಂಗಿಲ್ಲ. ಕೆಂಡದ ಮ್ಯಾಲೆ ಸುಟ್ಟ, ಕೊಬ್ಬು ಇದ್ದ ಪಕ್ಕೆಲುಬು ಇದಕ್ಕ ಜೋಡಿ. ಹುಣಸೆಹುಳಿ ಕೂಡಂಗಿಲ್ಲ. ಭಾಳ ಖಾರಾನೂ ಕೂಡಂಗಿಲ್ಲ."

"ಮನೇಲಿ ಹುಳಿ ಖಾರದ ಸಾರೇ ಮಾಡಿರ್ತಾರಲ್ಲಮ್ಮ."

"ಹಂಗಾರ ಸಾರು ಬದಲಾಗಬೇಕ್ರಿ. ವೈನು ಬದಲಾಗಂಗಿಲ್ಲ."

ಹೊನ್ನೇಶ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಬೃಂದಾಳ ಸಾರಿನ ಎದುರು ನಿಂತು 'ನೀನು ಬದಲಾಗು' ಎಂದು ಹೇಳಬಲ್ಲ ವಸ್ತುವೊಂದು ಈ ಲೋಕದಲ್ಲಿದೆ ಎಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅವನು ಎರಡು ಬಾಟಲಿ ಕೊಂಡ.

ಮನೆಗೆ ಬಂದು ಬಾಟಲಿಗಳನ್ನು ಜಗಲಿಯ ಮೇಲಿಟ್ಟಾಗ ಬೃಂದಾ ಹತ್ತಿರ ಬರಲಿಲ್ಲ.

"ಎಣ್ಣೆ ತಂದ್ರಾ?"

"ಎಣ್ಣೆ ಅಲ್ಲ ಕಣೇ. ವೈನು."

"ಹಂಗಾರೆ ವೈನ್ ಸ್ಟೋರಲ್ಲಿ ಮಾರೋದೇನು?"

ಹೊನ್ನೇಶ ಬಾಟಲಿಯ ಮೇಲಿನ ಚೀಟಿಯನ್ನು ಅವಳ ಕಡೆಗೆ ತಿರುಗಿಸಿಟ್ಟ. (ಅವರ ಕಡೆಯ ವೈನ್ ಸ್ಟೋರಿನಲ್ಲಿ ಸಿಗದ ಒಂದೇ ಒಂದು ಸರಕು ವೈನು. ಆದರೆ ಅದು ತನಗೆ ಹೇಗೆ ಗೊತ್ತು ಎಂದು ಹೆಂಡತಿಗೆ ವಿವರಿಸುವುದು ಕಷ್ಟವಿತ್ತು.)

ಅವನ ತಾಯಿ ಕಾಮಾಕ್ಷಮ್ಮ ಬಾಟಲಿಯನ್ನು ಎತ್ತಿ, ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದಳು. ಅವಳ ಬಾಯಲ್ಲಿ ಹಲ್ಲು ಉಳಿದಿರಲಿಲ್ಲ. ಉಳಿದದ್ದೆಲ್ಲ ನಾಲಿಗೆ.

"ಬಾಣಂತೀರ್ಗೆ ಕೊಡೋ ದ್ರಾಕ್ಷಾರಿಷ್ಟ ಇದ್ದಂಗೈತೆ. ಒಂದು ಮುಚ್ಚಳ ಕೊಡೋ, ನೋಡಾನ."

"ಇದನ್ನ ಮುಚ್ಚಳದಲ್ಲಿ ಕುಡಿಯಲ್ಲಮ್ಮ."

"ಮತ್ತೆ ದಿನಕ್ಕೆ ಎಷ್ಟ್ ಸಲ?"

ಹೊನ್ನೇಶ ಬಾಟಲಿಗಳನ್ನು ತೆಂಗಿನಕಾಯಿ ಒಟ್ಟುವ ಕೋಣೆಗೆ ಒಯ್ದು, ತಂಪಾದ ಮೂಲೆಯಲ್ಲಿ, ಹುಡುಗಿ ಹೇಳಿಕೊಟ್ಟಂತೆ ಅಡ್ಡಲಾಗಿ ಮಲಗಿಸಿದ. ಮರುದಿನ ನೋಡಿದರೆ ಎರಡೂ ಎದ್ದು ನಿಂತಿದ್ದವು. ಮತ್ತೆ ಮಲಗಿಸಿದ. ಬೃಂದಾ ಕಸ ಗುಡಿಸುವಾಗ ಮತ್ತೆ ಎಬ್ಬಿಸಿದಳು. "ಬಿದ್ದಿರೋದನ್ನ ಎತ್ತಿ ಇಡಬಾರದಾ?" ಎಂದಳು. ಅವು ಬಿದ್ದಿಲ್ಲ, ಮಲಗಿವೆ ಎಂದು ಅವನು ವಿವರಿಸಿದ. "ಹಗಲೊತ್ತಲ್ಲಿ ಈ ಮನೇಲಿ ನೀವೊಬ್ರು ಮಲಗೋದು ಸಾಲ್ದಾ," ಎಂದು ಅವಳು ಪೊರಕೆಯೊಂದಿಗೆ ಮುಂದೆ ಹೋದಳು. ಹೀಗೆ ಯುಗಾದಿಯವರೆಗೂ ಆ ಬಾಟಲಿಗಳು ಹಗಲು ನಿಂತು, ರಾತ್ರಿ ಮಲಗಿ, ಮನುಷ್ಯರಂತೆಯೇ ಬಾಳಿದವು.

ಯುಗಾದಿಯ ಮರುದಿನ ವರ್ಷತೊಡಕು. ಹಬ್ಬದಂದು ಹೋಳಿಗೆ ತಿಂದು ಸಾತ್ವಿಕರಾದ ಜನ ಮರುದಿನ ಮಾಂಸ ಬೇಯಿಸಿ ಸಮಸ್ಥಿತಿಗೆ ಮರಳುವ ದಿನ. ಅಂದು ಏನು ನಡೆಯುತ್ತದೋ ಅದೇ ವರ್ಷವಿಡೀ ತೊಡಕಿಕೊಂಡು ಬರುತ್ತದೆ ಎಂಬುದು ಅವರ ಕಡೆಯ ಗಟ್ಟಿ ನಂಬಿಕೆ. ಅದಕ್ಕೇ ಅಂದು ಯಾರೂ ಮಕ್ಕಳಿಗೆ ಹೊಡೆಯುವುದಿಲ್ಲ, ಕೈಸಾಲ ಕೇಳುವುದಿಲ್ಲ. ಗಂಡ ಹೆಂಡಿರು ಬಾಕಿಯಿರುವ ಜಗಳವನ್ನು ಹಿಂದಿನ ಸಂಜೆಯೇ ಆಡಿ ಮುಗಿಸಿಕೊಳ್ಳುತ್ತಾರೆ.

ಹೊನ್ನೇಶನ ತರ್ಕ ಸರಳವಾಗಿತ್ತು. ವರ್ಷತೊಡಕಿನ ಒಂದು ಊಟ ತಾನು ಹೇಳಿದಂತೆ ನಡೆದರೆ ವರ್ಷದ ಊಟವೆಲ್ಲ ತಾನು ಹೇಳಿದಂತೆ ನಡೆಯುತ್ತದೆ. ಇದು ಅವನು ಹುಟ್ಟಿಸಿದ ಶಾಸ್ತ್ರವಲ್ಲ, ಬೃಂದಾಳೇ ನಂಬುವ ಶಾಸ್ತ್ರ. ಅವಳ ಕೋಟೆಗೆ ಅವಳದೇ ಏಣಿ.

ಅದೂ ಅಲ್ಲದೆ ಈ ಸಲದ ವರ್ಷತೊಡಕಿಗೆ ಬೀಗರು ಬರುವವರಿದ್ದರು. ಮಗಳು ಗಗನಾಳನ್ನು ಹಿಂದಿನ ವರ್ಷ ತರೀಕೆರೆಗೆ ಕೊಟ್ಟಿತ್ತು. ಮೊದಲ ಯುಗಾದಿಗೆಂದು ಅವಳೂ ಅಳಿಯ ಶಿವಕುಮಾರನೂ ಬಂದಾಗಿತ್ತು. ಅಳಿಯನ ತಂದೆ ಭೈರೇಶ್ ಅಕ್ಕಿ ಗಿರಣಿಯವರು. ಮಾತು ಕಡಿಮೆ, ಊಟ ಜಾಸ್ತಿ. ಅವರನ್ನು ಹೊನ್ನೇಶ ತಾನೇ ಫೋನ್ ಮಾಡಿ ಕರೆದಿದ್ದ.

"ಬೀಗರೇ, ಬರಲೇಬೇಕು. ಈ ಸಲ ಊಟ ನಂದು."

"ನಿಮ್ಮದು ಅಂದ್ರೆ?"

"ಏನೇನ್ ಇರಬೇಕು ಅಂತ ಎಲ್ಲಾ ನಾನೇ ಹೇಳಿ ಮಾಡಿಸ್ತಿರೋದು."

ಆ ಕಡೆ ಸ್ವಲ್ಪ ಹೊತ್ತು ಗಿರಣಿಯ ಸದ್ದು ಮಾತ್ರ ಕೇಳಿತು.

"ಯಾಕೆ, ಬೀಗಿತ್ತಿಗೆ ಹುಷಾರಿಲ್ವಾ?"

ಯುಗಾದಿಯ ಸಂಜೆ, ಎಲ್ಲರಂತೆ ಹೊನ್ನೇಶ ಬೃಂದಾ ಕೂಡ ಬಾಕಿಯನ್ನು ತೀರಿಸಿಕೊಂಡರು.

"ನಾಳೆ ಸಾರು ಬೇಡ," ಎಂದ ಹೊನ್ನೇಶ.

"ಏನ್ ಬೇಡ?"

"ಸಾರು. ಪಕ್ಕೆಲುಬಿಗೆ ಉಪ್ಪು, ಚಿಟಿಕೆ ಮೆಣಸು ಸವರಿ ಕೆಂಡದ ಮೇಲೆ ಸುಡೋದು. ಖಾರದಪುಡಿ ಇಲ್ಲ, ಹುಣಸೆಹಣ್ಣು ಇಲ್ಲ. ಅದ್ರ ಜೊತೆ ವೈನು."

"ಹೊಸ ಅಳಿಯ, ಮೊದಲ್ನೇ ಯುಗಾದಿ. ಖಾರ ಇಲ್ದೆ ಬಡಿಸಿದ್ರೆ ಅತ್ತೆ ಮನೇಲಿ ಆಸ್ಪತ್ರೆ ಊಟ ಹಾಕಿದ್ರು ಅಂತ ತರೀಕೆರೆ ತುಂಬ ಹೇಳ್ಕೊಂಡು ಬರ್ತಾನೆ."

"ವೈನಿಗೆ ಖಾರ ಹೊಂದಲ್ಲ ಕಣೇ."

"ಹೊಂದ್ಕೊಂಡು ಹೋಗಕ್ಕೆ ಹೇಳಿ. ಈ ಮನೇಗೆ ಬಂದೋರೆಲ್ಲ ಹೊಂದ್ಕೊಂಡೇ ಹೋಗಿರೋದು. ನಾನು ಹೊಂದ್ಕೊಳ್ಳಲಿಲ್ವಾ?"

"ಅದು ಬದಲಾಗಲ್ಲ."

"ಯಾರು ಹೇಳಿದ್ದು?"

"ಅಲ್ಲಿ ಒಂದು ಹುಡುಗಿ."

ಬೃಂದಾ ಆ ಹುಡುಗಿಗೆ ಮದುವೆಯಾಗಿದೆಯೋ ಇಲ್ಲವೋ ಎಂದು ಕೇಳಿ ತಿಳಿದುಕೊಂಡಳು. ಆಮೇಲೆ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ಸರಿ. ನಾಳೆ ನಿಮ್ಮಿಷ್ಟ," ಎಂದಳು.

ಇಷ್ಟು ವರ್ಷ ಅವಳ ಜೊತೆ ಬಾಳಿದವನಿಗೆ ಆ ಮಾತು ಕೇಳಿ ಮೈ ನಡುಗಬೇಕಿತ್ತು. ಹೊನ್ನೇಶ ನೆಮ್ಮದಿಯಾಗಿ ಮಲಗಿದ.

ಅವರ ಊರಿನಲ್ಲಿ ವರ್ಷತೊಡಕಿಗೆ ಯಾರೂ ಅಂಗಡಿ ಮಾಂಸ ತರುವುದಿಲ್ಲ. ಹತ್ತಾರು ಮನೆಯವರು ಸೇರಿ ಕುರಿ ತಂದು ಕೊಯ್ದು ಗುಡ್ಡೆ ಹಾಕುತ್ತಾರೆ. ಬೆಳಗಿನ ಹೊತ್ತು ಆಲದಮರದ ಕೆಳಗೆ ಟಾರ್ಪಾಲು ಹಾಸಿ ಮನೆಗೊಂದು ಗುಡ್ಡೆ. ಪ್ರತಿ ಗುಡ್ಡೆಯಲ್ಲೂ ಎಲ್ಲವೂ ಸಮ ಇರಬೇಕು: ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆ, ಈಲಿ ಎನ್ನುವ ಲಿವರಿನ ಚೂರು, ಬೋಟಿ ಎನ್ನುವ ಕರುಳಿನ ತುಂಡು, ತಲೆಮಾಂಸದ ಪಾಲು. ಗುಡ್ಡೆ ಹಾಕುವ ಹಾಲೇಶನ ಕಣ್ಣು ತಕ್ಕಡಿಯಿದ್ದಂತೆ. ಅವನು ಹಾಕಿದ ಮೇಲೆ ಯಾವ ಗುಡ್ಡೆ ಎತ್ತಿಕೊಂಡರೂ ಒಂದೇ. ಊರಿನಲ್ಲಿ ಜಮೀನು ಸಮವಾಗಿರಲಿಲ್ಲ, ಜಾತಕ ಸಮವಾಗಿರಲಿಲ್ಲ. ಈ ಒಂದು ಬೆಳಿಗ್ಗೆ, ಬೋಟಿ ಸಮವಾಗಿತ್ತು.

ಹೊನ್ನೇಶ ಹೋಗಿ ಟಾರ್ಪಾಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ಹಾಲೇಶ, ನಂದೊಂದು ಗುಡ್ಡೆ ಬರೀ ಪಕ್ಕೆಲುಬು ಹಾಕಪ್ಪಾ."

ಹಾಲೇಶನ ಮಚ್ಚು ಅರ್ಧಕ್ಕೆ ನಿಂತಿತು.

"ಹೊನ್ನೇಶಣ್ಣ, ಗುಡ್ಡೆ ಅಂದ್ರೆ ಗುಡ್ಡೆ. ಬೇಕಾದ್ದು ಹಾಕಕ್ಕೆ ಇದೇನ್ ಹೋಟ್ಲಾ? ನಿಂಗ್ ಪಕ್ಕೆ, ಅವ್ನಿಗ್ ತೊಡೆ ಅಂತ ಶುರು ಮಾಡಿದ್ರೆ ಕೊಂಬು ಯಾರಿಗೆ ಹಾಕ್ಲಿ?"

"ಹಂಗಾರೆ ಬೇರೆಯೋರ ಹತ್ರ ಬದಲು ಮಾಡ್ಕಂತೀನಿ."

"ನನ್ ಟಾರ್ಪಾಲಿಂದ ಆಚೆ ನಿಂತು ಏನಾರ ಮಾಡ್ಕೊ."

ಹೊನ್ನೇಶ ಟಾರ್ಪಾಲಿನಿಂದ ಆಚೆ ನಿಂತ. ತನ್ನ ಬೋಟಿಯನ್ನು ಲಕ್ಕಣ್ಣನಿಗೆ ಕೊಟ್ಟು ಎರಡು ಪಕ್ಕೆಲುಬು ಪಡೆದ. ಈಲಿಯನ್ನು ಒಬ್ಬರಿಗೆ, ತಲೆಮಾಂಸವನ್ನು ಇನ್ನೊಬ್ಬರಿಗೆ, ತೊಡೆಯ ಮೆತ್ತನೆ ಮಾಂಸವನ್ನು ಹುಲಿಗೆಮ್ಮನಿಗೆ ಕೊಟ್ಟ. ಬೋಟಿ ಕೈಬಿಟ್ಟು ಮೂಳೆ ಹಿಡಿದ ಗಂಡಸನ್ನು ಆ ಊರು ಕಂಡಿರಲಿಲ್ಲ. ಜಿಪುಣತನವಲ್ಲ, ಹುಚ್ಚೂ ಅಲ್ಲ. ಹಾಗಾದರೆ ಉಳಿದದ್ದು ಒಂದೇ ಕಾರಣ. ಅವನು ಚೀಲ ಹಿಡಿದು ತಿರುವು ದಾಟುವ ಮೊದಲೇ, ಹೊನ್ನೇಶಣ್ಣನಿಗೆ ಡಾಕ್ಟರು ಬೋಟಿ ಬಿಡಿಸಿದ್ದಾರಂತೆ ಎಂಬ ಸುದ್ದಿ ಆಲದಮರದ ಕೆಳಗೆ ಹುಟ್ಟಿ, ನಡೆಯಲು ಕಲಿತು, ಅವನಿಗಿಂತ ಮುಂಚೆ ಬೀದಿ ಸೇರಿತು.

"ಹೆಂಗಿದೀಯಪ್ಪಾ ಈಗ?" ಎಂದು ದಾರಿಯಲ್ಲಿ ರಂಗಯ್ಯ ಕೇಳಿದ.

"ಚೆನ್ನಾಗಿದೀನಿ."

"ಹಂಗೇ ಧೈರ್ಯವಾಗಿರು," ಎಂದ ರಂಗಯ್ಯ.

ಚೀಲವನ್ನು ಬಿಚ್ಚಿದ ಕಾಮಾಕ್ಷಮ್ಮ ತಳದವರೆಗೂ ಕೈಹಾಕಿ ಹುಡುಕಿದಳು. ವರ್ಷತೊಡಕಿನ ಬೋಟಿ ಗೊಜ್ಜು ಅವಳಿಗೆ ವರ್ಷವಿಡೀ ಕಾಯುವ ತಿಂಡಿ.

"ಬೋಟಿ ಎಲ್ಲೋ?"

"ಕೊಟ್ಬಿಟ್ಟೆ ಕಣಮ್ಮ. ವೈನಿಗೆ ಪಕ್ಕೆಲುಬೇ ಆಗಬೇಕು."

"ಹಲ್ಲಿಲ್ದೋಳ್ಗೆ ಮೂಳೆ ತಂದವ್ನೆ," ಎಂದು ಕಾಮಾಕ್ಷಮ್ಮ ಗೋಡೆಗೆ ಹೇಳಿದಳು. ಆಮೇಲೆ ಆ ದಿನವೆಲ್ಲ ಮಗನಿಗೆ ಹೇಳಬೇಕಾದ್ದನ್ನು ಗೋಡೆಗೇ ಹೇಳಿದಳು.

ಬೃಂದಾ ಮಾತು ಉಳಿಸಿಕೊಂಡಳು. ಖಾರದಪುಡಿಯ ಡಬ್ಬಿಯನ್ನು ಅವನ ಕಣ್ಣೆದುರೇ ಮೇಲಿನ ಹಲಗೆಗೆ ಏರಿಸಿದಳು. ಮುದ್ದೆಗೆ ಎಸರಿಟ್ಟು, "ಮುದ್ದೆಗೆ ಏನ್ ಹಾಕ್ಕೊಳ್ಳೋದು?" ಎಂದು ಮಾತ್ರ ಕೇಳಿದಳು. ಹೊನ್ನೇಶ ಆ ಕಡೆ ಯೋಚಿಸಿರಲಿಲ್ಲ. "ಮಾಂಸ ಇದೆಯಲ್ಲ," ಎಂದ. "ಇದೆ," ಎಂದಳು ಬೃಂದಾ.

ಹಿತ್ತಿಲಿನಲ್ಲಿ ತೆಂಗಿನ ಚಿಪ್ಪಿನ ಕೆಂಡ ಮಾಡಿ ಅವನೇ ಸುಟ್ಟ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುರುಗುಟ್ಟಿತು, ಹೊಗೆ ಹೊಂಗೆಮರದ ಎಳೆ ಚಿಗುರಿನವರೆಗೂ ಹೋಗಿ ತೂಗಿತು. ಆ ಹೊಗೆಯ ನಡುವೆ, ಕಣ್ಣಲ್ಲಿ ನೀರು ತುಂಬಿಕೊಂಡು, ಹೊನ್ನೇಶ ತನ್ನ ಮನೆಯ ಊಟದ ಯಜಮಾನನಾಗಿ ನಿಂತಿದ್ದ. ಸುಖ ಹೀಗಿರುತ್ತದೆ ಎಂದು ಅವನಿಗೆ ಅನಿಸಿತು.

ಬಾಟಲಿಯ ಬಿರಡೆ ತೆಗೆಯಲು ಮನೆಯಲ್ಲಿ ಏನೂ ಇರಲಿಲ್ಲ. ಅಳಿಯ ಶಿವಕುಮಾರ ಮೋಟಾರ್ ಶೆಡ್ಡಿನಿಂದ ಒಂದು ಸ್ಕ್ರೂ, ಒಂದು ಇಕ್ಕಳ ತಂದು, ಸ್ಕ್ರೂ ತಿರುಗಿಸಿ, ಬಾಟಲಿಯನ್ನು ಎರಡು ಪಾದಗಳ ನಡುವೆ ಒತ್ತಿಕೊಂಡು ಒಂದೇ ಎಳೆತಕ್ಕೆ ತೆಗೆದ. "ಎರಡೂ ತೆಗೆದಿಡ್ಲಾ ಮಾವ?" ಎಂದು ಕೇಳಿ ಎರಡನೆಯದನ್ನೂ ತೆಗೆದು ಸಡಿಲವಾಗಿ ಮುಚ್ಚಿಟ್ಟ. ತಾನು ಮಾತ್ರ ಇಂಥದ್ದೇನೂ ಮುಟ್ಟುವುದಿಲ್ಲ ಎಂದ. ಅವನ ಕೈಚಳಕ ನೋಡಿದ ಹೊನ್ನೇಶನಿಗೆ ಒಂದು ಕ್ಷಣ ಬೇರೆ ಯೋಚನೆ ಬಂತು. ವರ್ಷತೊಡಕಿನ ದಿನ ಅಂಥ ಯೋಚನೆ ಮಾಡಬಾರದೆಂದು ಬಿಟ್ಟ.

ಮಧ್ಯಾಹ್ನ ಭೈರೇಶ್ ಬಂದರು. ಒಬ್ಬರೇ ಬಂದರು, ಅವರ ಹೆಂಡತಿ ತಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರು. ಕೈಕಾಲು ತೊಳೆದು, ಎಲೆಯ ಮುಂದೆ ಕುಳಿತು, ಅಡುಗೆಮನೆಯ ಕಡೆಯಿಂದ ಮಸಾಲೆಯ ವಾಸನೆ ಬರದಿದ್ದುದನ್ನು ಗಮನಿಸಿ ಹೊನ್ನೇಶನ ಮುಖ ನೋಡಿದರು. ಹೊನ್ನೇಶ ಸ್ಟೀಲ್ ಲೋಟಕ್ಕೆ ವೈನು ಬಗ್ಗಿಸಿದ. ಆತಿಥೇಯ ಕೊನೆಗೆ ಊಟ ಮಾಡಬೇಕು, ಆದ್ದರಿಂದ ತನಗೆ ಬಗ್ಗಿಸಿಕೊಳ್ಳಲಿಲ್ಲ.

ಬೀಗರು ಒಂದು ಗುಟುಕು ಕುಡಿದರು.

"ಒಗರು," ಎಂದರು.

"ಅದು ಅದ್ರ ಗಟ್ಟಿತನ ಬೀಗರೇ. ಮಾಂಸದ ಜೊತೆ ತಗೊಳ್ಳಿ, ಗೊತ್ತಾಗುತ್ತೆ."

ಭೈರೇಶ್ ಪಕ್ಕೆಲುಬು ಕಚ್ಚಿದರು. ಆ ಕುರಿಯ ವಯಸ್ಸಿನ ಬಗ್ಗೆ ಊರಿನಲ್ಲಿ ಯಾರೂ ಹೊನ್ನೇಶನಿಗೆ ಹೇಳಿರಲಿಲ್ಲ, ಏಕೆಂದರೆ ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಗುಡ್ಡೆಯ ಮಾಂಸ ಎಂದರೆ ಕುಕ್ಕರಿನಲ್ಲಿ ಅರ್ಧ ಬೆಳಿಗ್ಗೆ ಕೂಗಬೇಕಾದ ಮಾಂಸ. ಅದು ಬಹಳ ಲೋಕ ಕಂಡ ಟಗರು. ಕೆಂಡದ ಮೇಲೆ ಅದು ಬೆಂದಿರಲಿಲ್ಲ, ಹಟ ಹಿಡಿದಿತ್ತು.

ಬೀಗರು ಅಗಿದರು. ಅಳಿಯ ಅಗಿದ. ಗಗನಾ ಸೆರಗಿನ ಮರೆಯಲ್ಲಿ ಅಗಿದಳು. ಯಾರೂ ಮಾತಾಡಲಿಲ್ಲ, ಏಕೆಂದರೆ ಯಾರ ಬಾಯಿಯೂ ಖಾಲಿಯಿರಲಿಲ್ಲ. ಬೀಗರ ಕಿವಿಗಳು ಮೆಲ್ಲನೆ ಮೇಲೆ ಕೆಳಗೆ ಆಡುತ್ತಿರುವುದನ್ನು ಹೊನ್ನೇಶ ನೋಡುತ್ತಾ ನಿಂತ. ಮುದ್ದೆಯನ್ನಾದರೂ ಮುರಿಯೋಣವೆಂದರೆ ಅದ್ದಿ ನುಂಗಲು ಏನೂ ಇರಲಿಲ್ಲ. ಒಂದು ಅಗಿಯಬಾರದ ಪದಾರ್ಥ, ಇನ್ನೊಂದು ಅಗಿದು ಮುಗಿಯದ ಪದಾರ್ಥ. ಎರಡರ ನಡುವೆ ತರೀಕೆರೆಯ ಗಿರಣಿಯ ಯಜಮಾನರು ಸಿಕ್ಕಿಕೊಂಡಿದ್ದರು.

"ಬೀಗರೇ," ಎಂದರು ಭೈರೇಶ್ ಕೊನೆಗೂ ನುಂಗಿ, "ಸಾರು ಏನಾದ್ರೂ..."

ಹೊನ್ನೇಶ ಬೃಂದಾಳ ಕಡೆ ನೋಡಿದ. ಬೃಂದಾ ಹೊನ್ನೇಶನ ಕಡೆ ನೋಡಿದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಬೀಗರ ಎದುರು ಮನೆಯ ಮರ್ಯಾದೆ ಹೋಗುತ್ತಿರುವುದನ್ನು ನೋಡುತ್ತಾ, ಮಾತು ಕೊಟ್ಟ ತಪ್ಪಿಗೆ, ಅವಳು ಸೌಟು ಹಿಡಿದು ಸುಮ್ಮನೆ ನಿಂತಿದ್ದಳು.

ಆಗ ಬಾಗಿಲಲ್ಲಿ ಲಕ್ಕಣ್ಣ ಕಾಣಿಸಿಕೊಂಡ. ಕೈಯಲ್ಲಿ ಮುಚ್ಚಿದ ಪಾತ್ರೆ.

"ಅಕ್ಕಾ, ನಿಮ್ ಪಾಲಿನ ಬೋಟಿ. ಗೊಜ್ಜು ಮಾಡವ್ಳೆ ನಮ್ಮೋಳು. ಮನೇಲಿ ಬೀಗರಿದಾರೆ, ನಾವೇ ಹೆಂಗ್ ತಿನ್ನಕ್ಕಾಯ್ತದೆ?" ಎಂದು ಬೃಂದಾಳ ಕೈಗಿತ್ತು, ದನಿ ತಗ್ಗಿಸಿ, "ಅಣ್ಣಂಗೆ ಕೊಡಬ್ಯಾಡಿ ಮತ್ತೆ," ಎಂದ.

ಅವನ ಹಿಂದೆಯೇ ಈಲಿ ಹುರಿದದ್ದು ಬಂತು. ತಲೆಮಾಂಸದ ಸಾರು ಬಂತು. ಹೊನ್ನೇಶನ ಜೊತೆ ಬದಲು ಮಾಡಿಕೊಂಡವರಷ್ಟೇ ಅಲ್ಲ, ಮಾಡಿಕೊಳ್ಳದವರೂ, ಬೋಟಿ ಬಿಟ್ಟವನ ಮನೆಯ ಕಷ್ಟಕ್ಕೆ ಮರುಗಿ, ಒಂದೊಂದು ಬಟ್ಟಲು ಕಳಿಸಿದರು. ಪ್ರತಿ ಬಟ್ಟಲಿನ ಮೇಲೂ ಒಂದು ಬೆರಳು ಕೆಂಪು ಎಣ್ಣೆ ತೇಲುತ್ತಿತ್ತು. ಗೋಡೆಯ ಜೊತೆ ಮಾತಾಡುತ್ತಿದ್ದ ಕಾಮಾಕ್ಷಮ್ಮ ಎದ್ದು ಬಂದು ತಟ್ಟೆ ಹಿಡಿದಳು.

ಭೈರೇಶ್ ಮುದ್ದೆ ಮುರಿದು ಬೋಟಿ ಗೊಜ್ಜಿನಲ್ಲಿ ಅದ್ದಿ ನುಂಗಿದರು. ಹಣೆಯ ಮೇಲೆ ಬೆವರು ಒಡೆಯಿತು. ಲೋಟ ಎತ್ತಿ ವೈನು ಕುಡಿದರು.

"ಈಗ ಸರಿಯಾಯ್ತು."

"ಬೀಗರೇ, ಖಾರಕ್ಕೆ ಅದು ಹೊಂದಲ್ಲ," ಎಂದ ಹೊನ್ನೇಶ.

"ಹೊಂದ್ತಾ ಇದೆ."

"ಹುಳಿಗಂತೂ ಹೊಂದೋದೇ ಇಲ್ಲ."

"ಅದನ್ನೂ ನೋಡ್ತೀನಿ," ಎಂದು ಬೀಗರು ತಲೆಮಾಂಸದ ಸಾರು ಹಾಕಿಸಿಕೊಂಡರು. ನೋಡಿದರು. ಅದಕ್ಕೂ ಹೊಂದಿತು. ಈಲಿಗೆ ಹೊಂದಿತು, ಈರುಳ್ಳಿ ಸಿಪ್ಪೆ ಸುಲಿದು ಕಚ್ಚಿದರೆ ಅದಕ್ಕೆ ಹೊಂದಿತು. ಪಕ್ಕೆಲುಬಿಗೆ ಹೊಂದುತ್ತದೋ ಎಂದು ಮಾತ್ರ ಅವರು ಮತ್ತೆ ಪರೀಕ್ಷೆ ಮಾಡಲಿಲ್ಲ. ಹೊನ್ನೇಶ ಬಗ್ಗಿಸುತ್ತಾ ಹೋದ, ಬೀಗರು ಹೊಂದಿಸುತ್ತಾ ಹೋದರು, ಮೊದಲನೆಯ ಬಾಟಲಿ ಮುಗಿಯಿತು.

ಹೊರಡುವಾಗ ಭೈರೇಶ್ ಬೃಂದಾಳ ಎದುರು ಕೈಮುಗಿದರು. "ಊಟ ಅಂದ್ರೆ ಇದು ಬೀಗಿತ್ತೀ. ಊರಿಗೆ ಊರೇ ಅಡುಗೆ ಮಾಡಿ ಹಾಕ್ತು. ಎಂಥ ಜನ ಸಂಪಾದಿಸಿದೀರಿ." ಆಮೇಲೆ ಹೊನ್ನೇಶನ ಭುಜದ ಮೇಲೆ ಕೈಯಿಟ್ಟು, "ಆರೋಗ್ಯ ನೋಡ್ಕೊಳ್ಳಿ," ಎಂದರು. ಸುದ್ದಿ ಅವರನ್ನೂ ತಲುಪಿತ್ತು. ಮಗಳೂ ಅಳಿಯನೂ ಅವರ ಕಾರಿನಲ್ಲೇ ತರೀಕೆರೆಗೆ ಹೊರಟರು.

ಸಂಜೆ ಇಳಿಯುತ್ತಿತ್ತು. ಬೆಳಗಿನಿಂದ ನಿಂತೇ ಇದ್ದ ಹೊನ್ನೇಶ ಕೈ ತೊಳೆದು, ಜಗಲಿಯ ಮೇಲೆ ಕುಳಿತು, ತನ್ನ ಊಟ ತರಲು ಹೇಳಿದ. ಬೃಂದಾ ತಂದಿಟ್ಟಳು. ತಟ್ಟೆ ತುಂಬ ಪಕ್ಕೆಲುಬು. ಉಳಿದದ್ದೆಲ್ಲ ಖರ್ಚಾಗಿತ್ತು.

"ಎರಡನೇ ಬಾಟ್ಲಿ ಕೊಡೇ."

"ಅದೆಲ್ಲಿದೆ?"

"ಎಲ್ಲಿದೆ ಅಂದ್ರೆ?"

"ಏಳೆಂಟು ಮನೆಯಿಂದ ಪಾತ್ರೆ ಬಂದಿತ್ತು. ತೊಳೆದು ವಾಪಸ್ ಕೊಡಬೇಕಲ್ಲ. ಬಂದ ಪಾತ್ರೇನ ಖಾಲಿ ಹೆಂಗ್ ಕಳಿಸೋದು?" ಎಂದಳು ಬೃಂದಾ. "ಸಾರು ಇಲ್ಲ, ಪಲ್ಯ ಇಲ್ಲ. ಹೋಳಿಗೆ ನಿನ್ನೇನೇ ಮುಗೀತು. ಮನೇಲಿ ಇದ್ದದ್ದು ಅದೊಂದೇ. ಒಂದೊಂದು ಲೋಟ ಬಗ್ಗಿಸಿ ಕಳಿಸ್ದೆ."

ಹೊನ್ನೇಶ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಎಂಬುದು ಅವನಿಗೂ ಗೊತ್ತಿತ್ತು.

"ದಿನಾ ಹಿಂಗೇ ಊರೋರು ಕಳಿಸ್ತಾ ಇದ್ರೆ ವರ್ಷ ಪೂರ್ತಿ ಒಲೆ ಹಚ್ಚದೇ ಬ್ಯಾಡ," ಎಂದಳು ಕಾಮಾಕ್ಷಮ್ಮ ಒಳಗಿನಿಂದ, ಬೋಟಿ ಗೊಜ್ಜಿನ ಸಂತೃಪ್ತಿಯಲ್ಲಿ. ಈ ಸಲ ಗೋಡೆಗಲ್ಲ, ಮಗನಿಗೇ.

ಬೃಂದಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ, ಹಾಲಿನ ಪಾತ್ರೆಗಳ ಹಿಂದಿನಿಂದ ಒಂದು ಪುಟ್ಟ ಲೋಟ ತಂದು ಅವನ ಪಕ್ಕದಲ್ಲಿಟ್ಟಳು. ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು.

"ನಿಮಗೇಂತ ಎತ್ತಿಟ್ಟಿದ್ದೆ," ಎಂದಳು. "ಬೆಳಿಗ್ಗೆಯಿಂದ ಹೊಗೇಲಿ ನಿಂತಿದ್ರಲ್ಲ."

ಪಡುವಣದ ಬೆಳಕು ತೆಂಗಿನ ಗರಿಗಳ ನಡುವೆ ಇಳಿದು ಬಂದು ಲೋಟದ ಅಂಚಿನ ಮೇಲೆ ಕುಳಿತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಬೃಂದಾ ಅಷ್ಟು ಹತ್ತಿರ ಬಂದು ಕುಳಿತು ಬಹಳ ದಿನಗಳಾಗಿದ್ದವು.

"ಕುಡೀರಿ ಮತ್ತೆ."

"ಇರು. ಸ್ವಲ್ಪ ಹೊತ್ತು ಗಾಳಿಯಾಡಬೇಕು ಇದಕ್ಕೆ. ಆಗ ರುಚಿ ಏಳೋದು."

ಗಾಳಿಯಾಡುತ್ತಿರುವಾಗ ಹುಲಿಗೆಮ್ಮ ಬಂದಳು.

"ಅಕ್ಕಾ, ತಪ್ಪು ತಿಳ್ಕೋಬ್ಯಾಡಿ. ಬೆಳಿಗ್ಗೆಯಿಂದ ಕರೆಂಟಿಲ್ಲ ನಮ್ ಲೈನಿಗೆ. ಈಗ ಬಂತು, ಈಗ ಮಿಕ್ಸಿಗ್ ಹಾಕ್ದೆ. ಅಣ್ಣ ಕೊಟ್ಟ ಮಾಂಸದ್ದೇ ಕೈಮ ಉಂಡೆ. ಬೀಗರು ಹೊಂಟೋದ್ರಾ?"

"ಹೋದ್ರು ಕಣಮ್ಮ. ಕೂತ್ಕೋ ಬಾ," ಎಂದು ಬೃಂದಾ ಬಟ್ಟಲು ತೆಗೆದುಕೊಂಡಳು. ಉಂಡೆಗಳನ್ನು ಹೊನ್ನೇಶನ ತಟ್ಟೆಯ ಅಂಚಿಗೆ ಸುರಿದಳು. ಬಟ್ಟಲು ತೊಳೆದಳು. ತೊಳೆದ ಬಟ್ಟಲನ್ನು ಕೈಯಲ್ಲಿ ಹಿಡಿದು, ಒಳಗೊಮ್ಮೆ ನೋಡಿದಳು, ಹೊರಗೊಮ್ಮೆ ನೋಡಿದಳು.

ಹೊನ್ನೇಶ ಆ ನೋಟವನ್ನು ಕಂಡ. ಕೈ ಚಾಚುವ ಮೊದಲೇ ಲೋಟ ಎದ್ದಿತು, ಬಟ್ಟಲಿಗೆ ಬಗ್ಗಿತು, ಕೆಳಗೆ ಕುಳಿತುಕೊಂಡಿತು.

"ಇದೇನಕ್ಕಾ?" ಎಂದು ಹುಲಿಗೆಮ್ಮ ಬಟ್ಟಲನ್ನು ಮೂಸಿದಳು. "ಅಣ್ಣಂಗೆ ಡಾಕ್ಟ್ರು ಕೊಟ್ಟಿರೋದಾ?"

"ಹೂಂ, ಅಂಥದ್ದೇ," ಎಂದಳು ಬೃಂದಾ. "ಬರೀ ಅದನ್ನೇ ಕುಡೀಬ್ಯಾಡ, ಒಗರು. ಕೆಂಡದ ಮೇಲೆ ಸುಟ್ಟ ಪಕ್ಕೆಲುಬು ಇದಕ್ಕೆ ಜೋಡಿಯಂತೆ. ತಡಿ." ಹೊನ್ನೇಶನ ತಟ್ಟೆಯಿಂದ ಪಕ್ಕೆಲುಬುಗಳನ್ನು ಒಂದೊಂದಾಗಿ ಎತ್ತಿ ಎಲೆಯಲ್ಲಿ ಸುತ್ತಿ ಅವಳ ಕೈಗಿಟ್ಟಳು. "ನಿಮ್ಮನೆಯೋರ ಹಲ್ಲು ಗಟ್ಟಿಯಾಗಿವೆಯಲ್ಲ?"

"ಗಟ್ಟಿಯಾಗವೆ," ಎಂದು ಹುಲಿಗೆಮ್ಮ ಕೃತಜ್ಞತೆಯಿಂದ ಎದ್ದಳು. ಹೋಗುವಾಗ ಹೊನ್ನೇಶನ ಕಡೆ ತಿರುಗಿ, ಬೇಗ ವಾಸಿಯಾಗಲಿ ಎಂದು ಹಾರೈಸಿ ಹೋದಳು.

ಜಗಲಿಯ ಮೇಲೆ ಹೊನ್ನೇಶ, ಬೃಂದಾ, ಕೈಮ ಉಂಡೆ ಉಳಿದರು. ಅವನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ಅಗಿಯುವ ಅಗತ್ಯ ಬೀಳಲಿಲ್ಲ. ಇನ್ನೊಂದನ್ನು ಹಾಕಿಕೊಂಡ.

"ಹೆಂಗಿದೆ?" ಎಂದು ಬೃಂದಾ ಕೇಳಿದಳು.

ಹೊನ್ನೇಶ ಮೂರನೆಯ ಉಂಡೆಯನ್ನು ಕೈಯಲ್ಲಿ ಹಿಡಿದು, ತೋಟದ ಕಡೆ ನೋಡುತ್ತಾ, ನ್ಯಾಯವಾಗಿ ಯೋಚಿಸಿದ.

"ಖಾರ ಸಾಲ್ದು," ಎಂದ.